ಪುಸ್ತಕವನ್ನು ತಪ್ಪು ಜಾಗದಲ್ಲಿ ಮುಚ್ಚಿದ್ದೀರಿ

ನಾಶವಾದ ಜಗತ್ತಿನಲ್ಲಿ ಅಪ್ಪ ಮತ್ತು ಮಗ ನಡೆದು ಸಾಗುವ ಕಥೆಯಾದ ಕಾರ್ಮಕ್ ಮೆಕಾರ್ಥಿಯ ‘ದಿ ರೋಡ್’ ಕಾದಂಬರಿಯನ್ನು, ನರಭಕ್ಷಕರು ಜನರನ್ನು ಕೂಡಿಹಾಕಿದ ನೆಲಮಾಳಿಗೆಯ ದೃಶ್ಯದಲ್ಲಿ ಕೈಬಿಟ್ಟೆ, ಸಿನಿಮಾ ಇದಕ್ಕಿಂತ ಹಗುರವಾಗಿದೆಯೇ ಎಂದು ಕೇಳಿದ್ದೀರಿ. ಆ ನೆಲಮಾಳಿಗೆ ಸಿನಿಮಾದಲ್ಲೂ ಇದೆ, ತಪ್ಪಿಸಿಕೊಳ್ಳಲಾರಿರಿ. ನಾನೂ ಮೊದಲ ಸಲ ಓದುವಾಗ ಅಲ್ಲೇ ನಿಂತಿದ್ದೆ.

ಆದರೆ ಇನ್ನು ಕೆಲವೇ ಪುಟ ದಾಟಿದರೆ ಅಪ್ಪ-ಮಗ ಇಬ್ಬರಿಗೂ ನೆಲದಡಿಯಲ್ಲಿ ಡಬ್ಬಿ ಆಹಾರ ತುಂಬಿದ ಅಡಗುತಾಣವೊಂದು ಸಿಗುತ್ತದೆ. ಊಟಕ್ಕೆ ಮುಂಚೆ ಆ ಹುಡುಗ, ಇದನ್ನೆಲ್ಲ ಕೂಡಿಟ್ಟು ಹೋದ ಅಪರಿಚಿತರಿಗೆ ಕೃತಜ್ಞತೆ ಹೇಳುತ್ತಾನೆ. ಹಿಂದಿನ ಪುಟಗಳ ಹಸಿವನ್ನು ಅನುಭವಿಸಿ ಬಂದವರಿಗೆ ಮಾತ್ರ ಆ ಮಾತಿನ ತೂಕ ತಿಳಿಯುತ್ತದೆ.

2009ರಲ್ಲಿ ಜಾನ್ ಹಿಲ್ಕೋಟ್ ಮಾಡಿದ ಸಿನಿಮಾ ಪ್ರಾಮಾಣಿಕವಾದದ್ದೇ. ಕಾದಂಬರಿಯ ಅತಿ ಘೋರ ದೃಶ್ಯವೊಂದನ್ನು ಬಿಟ್ಟು, ತಾಯಿಯ ನೆನಪುಗಳನ್ನು ಹಿಗ್ಗಿಸಿದೆ. ಅಪ್ಪನ ಪಾತ್ರ ಮಾಡಿದ ವಿಗೋ ಮಾರ್ಟೆನ್ಸನ್ ಮುಖವೇ ಅರ್ಧ ಕಥೆ ಹೇಳುತ್ತದೆ. ಆದರೂ ಬೂದಿ ಬಣ್ಣದ ನೆಲವನ್ನು ಎರಡು ಗಂಟೆ ನೋಡುವುದು ನನಗೆ ಓದುವುದಕ್ಕಿಂತ ಭಾರವಾಯಿತು. ಪುಸ್ತಕದಲ್ಲಿ ಕತ್ತಲೆಯ ನಡುವೆಯೂ ವಾಕ್ಯಗಳ ಚೆಲುವಿದೆ. ಉದ್ಧರಣ ಚಿಹ್ನೆಗಳೇ ಇಲ್ಲದ ಆ ಚುಟುಕು ಸಂಭಾಷಣೆಗೆ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಅಷ್ಟೆ.

ಮೊದಲು ಪುಸ್ತಕ ಮುಗಿಸಿ. ರಾತ್ರಿ ಮಲಗುವ ಮುನ್ನ ಮಾತ್ರ ಬೇಡ.