ದುಡಿಮೆಗೆ ಮಗಳು ಬೇಕು, ಪಾಲಿಗೆ ಬೇಡವೇ?

ಕುಶಾಲನಗರದಿಂದ ಬಂದ ಪತ್ರವೊಂದನ್ನು ಓದಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಹೆಸರು ಬೇಡ ಎಂದಿದ್ದಾರೆ. ವಿಷಯವಷ್ಟೇ ಹೇಳುತ್ತೇನೆ.

ಬರೆದವರಿಗೆ 38 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಗಂಡ, ಒಬ್ಬ ಮಗ. ತವರು ಸುಂಟಿಕೊಪ್ಪದ ಹತ್ತಿರ. ಅಜ್ಜನ ಕಾಲದಿಂದ ಬಂದ ಐದು ಎಕರೆ ರೋಬಸ್ಟಾ ಕಾಫಿ ತೋಟವಿದೆ. ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ಬಿ.ಪಿ. ಬೆಂಗಳೂರಿನಲ್ಲಿರುವ ಅಣ್ಣ ಹುತ್ತರಿಗೊಮ್ಮೆ, ಮಕ್ಕಳ ರಜೆಗೊಮ್ಮೆ ಬಂದು ಹೋಗುತ್ತಾರೆ. ಇವರು ಮಾತ್ರ ಪ್ರತಿ ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಬೇಕು. ಆಳುಗಳ ಬಟವಾಡೆ, ಕಾಳುಮೆಣಸು ಕುಯ್ಯಲು ಜನ ಹುಡುಕುವುದು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್, ಅಪ್ಪನನ್ನು ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಎಲ್ಲವೂ ಇವರದೇ. ಒಂದು ವಾರ ತಪ್ಪಿಸಿದರೆ ಅಮ್ಮ ಮಾತು ಬಿಡುತ್ತಾರೆ. ಮನೆಯಲ್ಲಿ ಮಗನ ಓದು ನೋಡುವವರಿಲ್ಲ ಎಂದು ಗಂಡನಿಗೆ ಬೇಸರ. "ಅಪ್ಪ ಅಮ್ಮನ ಮನಸ್ಸು ನೋಯದ ಹಾಗೆ, ತಿಂಗಳಿಗೆ ಎರಡೇ ಶನಿವಾರ ಬರುತ್ತೇನೆ ಎಂದು ಹೇಗೆ ಹೇಳಲಿ?" ಇಷ್ಟೇ ಅವರು ಕೇಳಿದ್ದು.

ಆದರೆ ತಂಗೀ, ನಿಮ್ಮ ಪತ್ರದ ಕೊನೇ ಪುಟದಲ್ಲಿ ಇನ್ನೊಂದು ಸಾಲಿದೆ. "ಅಂದ ಹಾಗೆ, ಹುತ್ತರಿ ಕಳೆದ ಮೇಲೆ ಬರುವ ಸೋಮವಾರ ಸೋದರಮಾವ ಕಾರು ತರುತ್ತಾರೆ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಸಹಿ ಹಾಕಿ ಬರಬೇಕು, ಅದರ ಬಗ್ಗೆ ನನಗೇನೂ ಬೇಸರವಿಲ್ಲ." ಶನಿವಾರಗಳ ಬಗ್ಗೆ ಮೂರು ಪುಟ ಬರೆದ ನೀವು ಇದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ. ನನ್ನ ಕಣ್ಣು ನಿಂತಿದ್ದು ಅಲ್ಲೇ.

ಅದು ಹಕ್ಕು ಖುಲಾಸೆ ಪತ್ರ. ತೋಟದಲ್ಲಿ ನಿಮಗಿರುವ ಪಾಲನ್ನು ಅಣ್ಣನ ಪರವಾಗಿ ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಕಾಗದ. ಒಮ್ಮೆ ನೋಂದಣಿಯಾದರೆ ಮುಗಿಯಿತು. ಒತ್ತಾಯದಿಂದಲೋ ಮೋಸದಿಂದಲೋ ಬರೆಸಿಕೊಂಡರು ಎಂದು ಕೋರ್ಟಿನಲ್ಲಿ ಸಾಬೀತು ಮಾಡದೆ ಅದನ್ನು ರದ್ದು ಮಾಡಿಸಲು ಆಗುವುದಿಲ್ಲ. ಸ್ವಂತ ಅಪ್ಪ ಅಮ್ಮನ ಮೇಲೆ ಅಂಥ ಮಾತು ನಿಮ್ಮ ಬಾಯಿಂದ ಬರುತ್ತದೆಯೇ? ಬರುವುದಿಲ್ಲ. ಹಾಗಾಗಿ ಯೋಚನೆಯೆಲ್ಲ ಈಗಲೇ ಆಗಬೇಕು.

"ಮದುವೆಯಾಗಿ ಹೋದವಳಿಗೆ ಪಾಲೆಲ್ಲಿ" ಎಂದು ಮಾವ ಹೇಳಿದರಂತೆ. ಪಾಲಿಲ್ಲದಿದ್ದರೆ ಸಹಿ ಯಾಕೆ ಬೇಕು? ಅಪ್ಪನೇ ದುಡಿದು ಕೊಂಡ ಜಾಗವಾಗಿದ್ದರೆ ಅವರು ಯಾರಿಗೆ ಬೇಕಾದರೂ ಬರೆದುಕೊಡಬಹುದಿತ್ತು, ನಿಮ್ಮನ್ನು ಕೇಳುವ ಅಗತ್ಯವೇ ಇರಲಿಲ್ಲ. ಇದು ಪಿತ್ರಾರ್ಜಿತ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಮಗನಿಗಿರುವಂತೆಯೇ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ, ಮದುವೆಯಾಗಿದೆಯೇ ಇಲ್ಲವೇ ಎಂಬುದು ಲೆಕ್ಕಕ್ಕಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಮಾವನಿಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಗೊತ್ತಿರುವುದರಿಂದಲೇ ಕಾರು ತರುತ್ತಿದ್ದಾರೆ.

ಈ ಮಾವನ ಬಗ್ಗೆ ನನಗೆ ಹೇಳುವುದಿದೆ. "ನಿನ್ನಮ್ಮನೂ ಒಂದು ಮಾತಾಡದೆ ಸಹಿ ಹಾಕಿದ್ದಳು, ಇವತ್ತಿಗೂ ಅರಿಶಿನ ಕುಂಕುಮಕ್ಕೆ ಕರೆಯುತ್ತಿಲ್ಲವೇ?" ಎಂದು ಅವರೇ ನಿಮ್ಮೆದುರು ಹೇಳಿದ್ದಾರೆ. ಅಂದರೆ ತಂಗಿಯ ಸಹಿಯಿಂದ ಲಾಭ ಮಾಡಿಕೊಂಡವರೇ ಈಗ ತಂಗಿಯ ಮಗಳ ಸಹಿಗೂ ಬಂದು ಕೂತಿದ್ದಾರೆ. ನಿಮ್ಮ ಮನೆಯ ತೋಟದ ಮಾತಿನಲ್ಲಿ ಅವರಿಗೇನು ಕೆಲಸ? ನಿಮ್ಮಣ್ಣನಿಗೆ ಬೇಕಿದ್ದರೆ ಅವರೇ ಬಂದು ನಿಮ್ಮನ್ನು ಕೇಳಬೇಕಿತ್ತು. ಅಣ್ಣನನ್ನು ನಾನು ಅಷ್ಟಾಗಿ ದೂರುವುದಿಲ್ಲ, ದೂರದಲ್ಲಿದ್ದಾರೆ, ಕೇಳಿದರೆ ತಂಗಿ ಕೊಡುತ್ತಾಳೆ ಅಂದುಕೊಂಡಿದ್ದಾರೆ. ಇಂಥ ಮನೆಗಳನ್ನು ಒಡೆಯುವವರು ನಡುವೆ ನಿಂತು ಮಾತು ಸಾಗಿಸುವ ದೊಡ್ಡವರೇ.

ಕಾಗದ ಈಗಲೇ ಯಾಕೆ ಬಂತು ಎಂಬುದನ್ನೂ ನೋಡಿ. ರೋಬಸ್ಟಾಕ್ಕೆ ಬೆಲೆಯಿಲ್ಲದೆ ಕೊಯ್ಲಿನ ಕೂಲಿಯೇ ಗಿಟ್ಟದಿದ್ದ ವರ್ಷಗಳಲ್ಲಿ ಈ ತೋಟ ಯಾರಿಗೂ ನೆನಪಿರಲಿಲ್ಲ. 2024ರಲ್ಲಿ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, 50 ಕಿಲೋ ಮೂಟೆ 10,000 ರೂಪಾಯಿ ದಾಟಿದ ಮೇಲೆ ಎಲ್ಲರಿಗೂ ನೆನಪಾಗಿದೆ. ಬೆಲೆಯಿಲ್ಲದ ಕಾಲದಲ್ಲೂ ಬಸ್ಸು ಹತ್ತಿ ಹೋಗುತ್ತಿದ್ದವರು ನೀವು.

ಅಮ್ಮನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಕಷ್ಟವಾಗುವುದು ಅಲ್ಲೇ. "ಸಹಿ ಹಾಕದಿದ್ದರೆ ನಿನಗೆ ತವರು ಇರುವುದಿಲ್ಲ" ಎಂದರಂತೆ. ಅವರು ಕ್ರೂರಿಯಲ್ಲ. ಅವರ ಕಾಲದಲ್ಲಿ ಕಾನೂನೇ ಮಗಳನ್ನು ಮಗನಿಗೆ ಸಮನಾಗಿ ಕಾಣುತ್ತಿರಲಿಲ್ಲ. 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿಯೂ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಕೊಟ್ಟದ್ದನ್ನು ಇಸಿದುಕೊಂಡು, ಬಿಡು ಅಂದದ್ದನ್ನು ಬಿಟ್ಟು, ಅದರಿಂದಲೇ ತವರು ಉಳಿಯಿತು ಎಂದು ನಂಬಿ ಇಷ್ಟು ವರ್ಷ ಬಾಳಿದ್ದಾರೆ. ಈಗ ನೀವು ಒಲ್ಲೆ ಎಂದರೆ, ಅಂದು ತಾನೂ ಒಲ್ಲೆ ಎನ್ನಬಹುದಿತ್ತೇನೋ ಎಂಬ ಪ್ರಶ್ನೆ ಅವರ ಮುಂದೆ ಬಂದು ನಿಲ್ಲುತ್ತದೆ. ಆ ವಯಸ್ಸಿನಲ್ಲಿ ಅದನ್ನು ಎದುರಿಸುವುದು ಸುಲಭವಲ್ಲ. ಅವರು ಅತ್ತರೆ ಪಕ್ಕದಲ್ಲಿ ಕೂತುಕೊಳ್ಳಿ, ವಾದ ಮಾಡಬೇಡಿ. ಅವರ ಅಳು ನಿಲ್ಲಿಸಲೆಂದು ಸಹಿಯನ್ನಂತೂ ಹಾಕಬೇಡಿ.

ಇನ್ನು ಅಪ್ಪ. ನೀವು ಬರೆದದ್ದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಕಣದ ಮಾತು. ಒಣಗಲು ಹರಡಿದ ಚೆರ್ರಿಯನ್ನು ಮುಷ್ಟಿ ತುಂಬ ತೆಗೆದು ಕಿವಿಯ ಹತ್ತಿರ ಅಲುಗಿಸಬೇಕು, ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ ಎಂದರ್ಥ, ಅಪ್ಪನಿಗೆ ಈಚೆಗೆ ಕಿವಿ ಮಂದವಾಗಿದೆ, ಅದಕ್ಕೇ ಅವರು ಅಲುಗಿಸಿ ನನ್ನ ಕಿವಿಗೆ ಹಿಡಿಯುತ್ತಾರೆ, ನಾನು ಆಗಿದೆ ಅಂದರೆ ಮಾತ್ರ ಮೂಟೆ ಕಟ್ಟಿಸುತ್ತಾರೆ ಎಂದು ಬರೆದಿದ್ದೀರಿ. ಆ ಮನುಷ್ಯ ನಿಮ್ಮನ್ನು ನಂಬಿದ್ದಾರೆ. ಮಾವ ಕಾಗದದ ಮಾತೆತ್ತಿದಾಗ ಅಪ್ಪ ಏನೂ ಹೇಳದೆ ಪೇಪರ್ ಓದುತ್ತಿದ್ದರು ಎಂದೂ ನೀವೇ ಬರೆದಿದ್ದೀರಿ. ಅವರು ನಿಮ್ಮನ್ನು ಸಹಿ ಕೇಳಿಲ್ಲ. ಕೇಳಿದವರು ಮಾವ, ಒತ್ತಾಯಿಸಿದವರು ಅಮ್ಮ. ಅಪ್ಪನ ಮನಸ್ಸಿನಲ್ಲಿ ಏನಿದೆ ಎಂದು ಆ ಮನೆಯಲ್ಲಿ ಯಾರೂ ವಿಚಾರಿಸಿಲ್ಲ, ನೀವೂ ವಿಚಾರಿಸಿಲ್ಲ.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ: ಲೆಕ್ಕ ಕೇಳಿದ ಮಾತ್ರಕ್ಕೆ ಪ್ರೀತಿ ಕಡಿಮೆಯಾಗುವುದಿಲ್ಲ. ಹೆತ್ತವರನ್ನು ನೋಡಿಕೊಳ್ಳುವ ಹೊಣೆ ಮಗಳಿಗೂ ಇದೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಿರಿಯ ನಾಗರಿಕರ ರಕ್ಷಣೆಗೆಂದು 2007ರಲ್ಲಿ ಬಂದ ಕಾಯ್ದೆ ಕೂಡ ಮಗ ಮಗಳು ಎಂಬ ಭೇದ ಮಾಡುವುದಿಲ್ಲ. ನೀವು ಆ ಹೊಣೆಯನ್ನು ಒಂದು ದಿನವೂ ತಪ್ಪಿಸಿಕೊಂಡಿಲ್ಲ. ಹೊಣೆಗೆ ಮಗಳನ್ನು ಕರೆಯುವ ಮನೆ ಪಾಲಿಗೂ ಮಗಳೆಂದೇ ಕಾಣಬೇಕು. ನಾಳೆ ನಿಮಗೆ ಆ ತೋಟ ಬೇಡವೆನಿಸಿದರೆ ಆಗ ತಿಳಿದು, ಒಪ್ಪಿ, ಸಂತೋಷದಿಂದ ಅಣ್ಣನಿಗೆ ಬಿಟ್ಟುಕೊಡಿ, ನಾನು ಬೇಡ ಅನ್ನುವುದಿಲ್ಲ. ತವರು ಮುಚ್ಚುತ್ತದೆ ಎಂಬ ಹೆದರಿಕೆಗೆ ಮಾತ್ರ ಕೊಡಬೇಡಿ.

ನೀವು ಕೇಳಿದ ಶನಿವಾರದ ಪ್ರಶ್ನೆ ಇದರ ಮುಂದೆ ಚಿಕ್ಕದು. ಕೊಯ್ಲಿನ ತಿಂಗಳುಗಳಲ್ಲಿ ಎರಡು ವಾರ ನೀವು, ಎರಡು ವಾರ ಅಣ್ಣ. ಬೆಂಗಳೂರಿನಿಂದ ಸುಂಟಿಕೊಪ್ಪಕ್ಕೆ ಬಸ್ಸಿದೆ.

ನಾನು ಹೇಳುವುದು ಒಂದೇ. ಆ ಸೋಮವಾರಕ್ಕೆ ಮೊದಲಿನ ಶನಿವಾರ, ಮಾವ ಇಲ್ಲದ ಹೊತ್ತು ನೋಡಿ, ಅಪ್ಪನ ಹತ್ತಿರ ಕೂತು ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ: "ಅಪ್ಪಾ, ನಾನು ಆ ಕಾಗದಕ್ಕೆ ಸಹಿ ಹಾಕುವುದಿಲ್ಲ. ತೋಟ ಏನಾಗಬೇಕು ಅಂತ ನಿಮಗಿದೆ, ನನಗೆ ಹೇಳಿ." ಅವರು ಉತ್ತರ ಹೇಳುವ ತನಕ ಏಳಬೇಡಿ, ಅಮ್ಮ ಕರೆದರೂ ಏಳಬೇಡಿ. ಅಣ್ಣನಿಗೆ ಅದೇ ರಾತ್ರಿ ನೀವೇ ಫೋನ್ ಮಾಡಿ. ಸೋಮವಾರ ಬೆಳಿಗ್ಗೆ ಮಾವನ ಕಾರು ಮನೆ ಮುಂದೆ ಬಂದರೆ, ರಜೆ ಹಾಕಿಲ್ಲ ಎಂದು ಹೇಳಿ ಶಾಲೆಗೆ ಹೊರಡಿ.