ಲೇಸ್ ಸ್ಕಾರ್ಫ್ ಹೆಣೆದರೆ ಮುದ್ದೆಯಾಗಿ ಕಾಣುತ್ತದೆ, ಯಾಕೆ?

ಕಡ್ಡಿಯಿಂದ ಇಳಿಸಿದ ಕೂಡಲೇ ಲೇಸ್ ಸಾಮಾನ್ಯವಾಗಿ ಹಾಗೇ ಕಾಣುವುದು, ಗಾಬರಿ ಬೇಡ. ಲೇಸ್‌ನ ತೂತು ಅಂದರೆ ಕಡ್ಡಿಗೆ ನೂಲನ್ನು ಸುಮ್ನೆ ಒಂದು ಸುತ್ತು ಹಾಕಿದ್ದು, ಅಷ್ಟೇ. ಹೆಚ್ಚಾದ ಆ ಕುಣಿಕೆಗೆ ಬದಲಾಗಿ ಬೇರೆ ಎರಡನ್ನು ಸೇರಿಸಿ ಒಂದಾಗಿ ಹೆಣೆಯುತ್ತೇವೆ. ಈ ಎಳೆದಾಟಕ್ಕೇ ಅದು ಮುದುಡುವುದು.

ಇದನ್ನು ಬಿಡಿಸಲು, ನೂಲು ಉಣ್ಣೆಯದಾದರೆ ಹೆಣೆದ ಸ್ಕಾರ್ಫನ್ನು ತಣ್ಣೀರಲ್ಲಿ 20 ನಿಮಿಷ ನೆನೆಸಿ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ. ಆಮೇಲೆ ಬೇಕಾದ ಆಕಾರಕ್ಕೆ ಎಳೆದು, ಅಂಚಿಗೆಲ್ಲ ತುಕ್ಕು ಹಿಡಿಯದ ಪಿನ್ ಚುಚ್ಚಿ ಪೂರ್ತಿ ಒಣಗಲು ಬಿಡಿ. ಒದ್ದೆ ಇರುವಾಗಲೇ ತೆಗೆದರೆ ಮತ್ತೆ ಮುದುಡುತ್ತದೆ (ನಾನೂ ಅವಸರ ಮಾಡಿ ಕೆಡಿಸಿದ್ದೇನೆ). ಅಕ್ರಿಲಿಕ್ ನೂಲು ಬರೀ ನೀರಿಗೆ ಅಷ್ಟು ಬಗ್ಗುವುದಿಲ್ಲ. ಅದಕ್ಕೆ ದೂರದಿಂದ ಹಬೆ ಕೊಡಿ, ಇಸ್ತ್ರಿಪೆಟ್ಟಿಗೆ ಮಾತ್ರ ತಾಗಿಸಬೇಡಿ.

ಇಷ್ಟಾದ ಮೇಲೂ ತೂತು ಕಾಣದಿದ್ದರೆ ಹೆಣಿಗೆ ಬಿಗಿಯಾಗಿದೆ ಅಂತ ಅರ್ಥ. ಮುಂದಿನ ಸಲ ಇನ್ನೂ ದಪ್ಪ ಕಡ್ಡಿ ಹಿಡಿಯಿರಿ.