ಟಿಪ್ಪರ್, ಟ್ರೇಲರ್‌ಗೆ ಮಡ್ ಫ್ಲ್ಯಾಪ್ (ಕೆಸರು, ಕಲ್ಲು ಸಿಡಿಯದಂತೆ ಚಕ್ರದ ಹಿಂದೆ ನೇತುಹಾಕುವ ಹಾಳೆ): ರಬ್ಬರ್ ಹಾಕಿಸಬೇಕಾ, ಪ್ಲಾಸ್ಟಿಕ್ಕಾ?
ಸೇಡಂ, ವಾಡಿ ಕಡೆ ಸುಣ್ಣದ ಕಲ್ಲು ಹೊರುವ ಟಿಪ್ಪರ್ ಆದರೆ ಯೋಚನೆನೇ ಬೇಡ, ಒಳಗೆ ನೈಲಾನ್ ಬಟ್ಟೆಯ ಪದರ ಇರುವ ರಬ್ಬರ್ ಹಾಕಿಸಿ. ಕಲ್ಲು ಬಡಿದರೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬರೀ ರಬ್ಬರ್ ಆದರೆ ಬೋಲ್ಟ್ ತೂತಿನ ಹತ್ತಿರವೇ ಹರಿಯೋದು ಜಾಸ್ತಿ. ಯಾವುದೇ ಹಾಕಿಸಿ, ಮೇಲ್ಗಡೆ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿ. ಎಳೆತ ಒಂದೇ ತೂತಿನ ಮೇಲೆ ಬೀಳುವುದಿಲ್ಲ. ಹಳೇ ಕನ್ವೇಯರ್ ಬೆಲ್ಟ್ ತುಂಡೂ ನಡೆಯುತ್ತದೆ, ಭಾರ ಅಷ್ಟೆ. ಸ್ಟೀಲ್ ತಂತಿ ಇರುವ ಬೆಲ್ಟ್ ಮಾತ್ರ ಬೇಡ, ತುದಿ ಸವೆದರೆ ತಂತಿ ಹೊರಗೆ ಬರುತ್ತದೆ.

ತೊಗರಿ ಹೊತ್ತು ಹೈದರಾಬಾದ್, ಸೊಲ್ಲಾಪುರಕ್ಕೆ ಡಾಂಬರು ರಸ್ತೆಯಲ್ಲೇ ಓಡುವ ಟ್ರೇಲರ್‌ಗೆ ಪ್ಲಾಸ್ಟಿಕ್ ಸಾಕು. ಹಗುರ. ಆದರೆ ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ? ಬಿಸಿಲು ತಾಳುವಂತೆ ಮಾಡಿದ್ದನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಪೆಡಸಾಗಿ ಸೀಳುತ್ತದೆ. ಸೈಲೆನ್ಸರ್ ಹೊಗೆ ನೇರ ಬಡಿಯುವ ಕಡೆ ಮಾತ್ರ ಪ್ಲಾಸ್ಟಿಕ್ ಬೇಡವೇ ಬೇಡ.